ಅವ್ವನ ತೂಕ ನನಗೆ ಗೊತ್ತಿರಲಿಲ್ಲ

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಂದು ಊರಿನಲ್ಲಿ, ವಯಸ್ಸಾದವರ ಆರೈಕೆ ಮನೆಯೊಂದರಲ್ಲಿ ನಾನು ನರ್ಸ್. ತಿಂಗಳ ಮೊದಲ ಸೋಮವಾರ ನಮ್ಮಲ್ಲಿ ತೂಕದ ದಿನ. ಬೆಳಗಿನ ತಿಂಡಿಗೆ ಮೊದಲೇ ಕುರ್ಚಿಯಂತಿರುವ ತಕ್ಕಡಿಯನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುತ್ತೇವೆ. 38 ಜನರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ತೂಗಿ ಬರೆದುಕೊಳ್ಳುತ್ತೇವೆ. ಹಾಸಿಗೆಯಿಂದ ಏಳಲಾಗದವರಿಗೆ ಎತ್ತುವ ಜೋಲಿಯಲ್ಲೇ ತೂಕ ತೋರಿಸುವ ಯಂತ್ರವಿದೆ. ಯಾರ ತಾಯಿ ಎಷ್ಟು ತೂಗುತ್ತಾರೆ, ಹೋದ ತಿಂಗಳಿಗಿಂತ ಎಷ್ಟು ಇಳಿದರು ಎಂಬುದು ನನ್ನ ಬಾಯಿಯಲ್ಲೇ ಇರುತ್ತದೆ. ಏಳು ವರ್ಷ ಹೀಗೆ ಪರರ ತಾಯಂದಿರನ್ನು ತೂಗಿದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿರುವ ನನ್ನ ಅವ್ವನ ತೂಕ ಎಷ್ಟೆಂದು ಆ ಏಳು ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ.

ವಾರಕ್ಕೆರಡು ಬಾರಿ ವಿಡಿಯೊ ಕರೆ ಮಾಡುತ್ತಿದ್ದೆ. ಮೊಬೈಲಿನಲ್ಲಿ ಮುಖವಷ್ಟೇ ಕಾಣುತ್ತದೆ, ಅದೂ ಸೆರಗು ಹೊದ್ದ ಮುಖ. "ಊಟ ಆಯಿತೇ ಅವ್ವ?" ಎಂದರೆ "ಆಯಿತಪ್ಪ, ಹೊಟ್ಟೆ ತುಂಬಿದೆ, ನಿನ್ನದು ಆಯಿತೇ?" ಎನ್ನುತ್ತಿದ್ದಳು. ಕಳೆದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನನ್ನ ಚೀಲ ಇಳಿಸಿಕೊಳ್ಳಲು ಅವಳು ಕೈ ಮುಂದೆ ಮಾಡಿದಳು. ಹಸಿರು ಬಳೆಗಳು ಮುಂಗೈಯಿಂದ ಸರಿದು ಮೊಣಕೈಯವರೆಗೆ ಹೋದವು. ಅವಳು ತೊಟ್ಟಿದ್ದು ನಮ್ಮೂರಿನದೇ ಖಣದ ಕುಪ್ಪಸ. ಬೆನ್ನಿನ ಹತ್ತಿರ ಎರಡು ಬೆರಳು ಬಟ್ಟೆ ಹಿಡಿದು ಪಿನ್ನು ಹಾಕಿಕೊಂಡಿದ್ದಳು. ಸಡಿಲವಾದ ಉಂಗುರ, ಜೋಲು ಬಿದ್ದ ಬಟ್ಟೆ, ಬಾಯಿಯಲ್ಲಿ ನಿಲ್ಲದ ಕಟ್ಟಿಸಿದ ಹಲ್ಲು ಇವನ್ನು ಮೊದಲು ನೋಡಿ ಎಂದು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನೇ ಅಲ್ಲಿ ಕಲಿಸುತ್ತೇನೆ.

ಮರುದಿನ ಓಣಿಯ ತುದಿಯ ಕಾಳುಕಡಿ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ. 36.5 ಕಿಲೊ. ಆರು ತಿಂಗಳ ಹಿಂದೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಾಗ ಆಸ್ಪತ್ರೆಯವರು ಬರೆದ ಚೀಟಿ ಮನೆಯಲ್ಲಿತ್ತು. ಅದರಲ್ಲಿ 42 ಎಂದಿತ್ತು. ಆರು ತಿಂಗಳಲ್ಲಿ ಐದೂವರೆ ಕಿಲೊ ಹೋಗಿತ್ತು. ಮನೆಯಲ್ಲಿ ನಾಲ್ಕು ಜನ ಇದ್ದರು, ಓಣಿ ತುಂಬ ಬಂಧುಗಳಿದ್ದರು, ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾನು ಗಾಬರಿಯಿಂದ ಕೇಳಿದಾಗ ಅಣ್ಣ, ವೈನಿ (ಅತ್ತಿಗೆ), ಪಕ್ಕದ ಮನೆಯ ಕಾಕಾ ಎಲ್ಲರೂ ಒಂದೇ ಮಾತು ಹೇಳಿದರು: "ವಯಸ್ಸಾಯಿತಲ್ಲ, ಇನ್ನು ಮೈ ಎಲ್ಲಿಂದ ಬರಬೇಕು?"

ಈ ಬರಹ ಆ ಒಂದು ಮಾತಿನ ವಿರುದ್ಧ. ವಯಸ್ಸಾದರೆ ಕೂದಲು ನೆರೆಯುತ್ತದೆ, ನಡಿಗೆ ನಿಧಾನವಾಗುತ್ತದೆ. ಆದರೆ ಆರು ತಿಂಗಳಲ್ಲಿ ಮೈಯ ಎಂಟನೆಯ ಒಂದು ಪಾಲು ಕರಗುವುದು ವಯಸ್ಸಿನ ಗುಣವಲ್ಲ. ಅದು ಕಾಯಿಲೆ ಅಥವಾ ಹಸಿವು, ಬಹಳ ಸಲ ಎರಡೂ. ನಮ್ಮ ಕಡೆ ಅದಕ್ಕೆ ಹೆಸರೇ ಇಲ್ಲ. "ಒಣಗಿದ್ದಾರೆ" ಎನ್ನುತ್ತೇವೆ, ಬೇಸಿಗೆಯಲ್ಲಿ ಕೆರೆ ಒಣಗಿದಂತೆ, ಯಾರ ಕೈಯಲ್ಲೂ ಇಲ್ಲದ ಸಂಗತಿಯಂತೆ.

ಇಂಗ್ಲೆಂಡಿನಲ್ಲಿ ಅದಕ್ಕೊಂದು ಹೆಸರಿದೆ, ಅಪೌಷ್ಟಿಕತೆ ಎಂದು, ಒಂದು ಅಂಕಿಯೂ ಇದೆ. ಪೋಷಣೆಗಾಗಿ ದುಡಿಯುವ ಬ್ಯಾಪೆನ್ ಎಂಬ ಬ್ರಿಟಿಷ್ ಸಂಸ್ಥೆ 2003ರಲ್ಲಿ ಹೊರತಂದ 'ಮಸ್ಟ್' ಎಂಬ ಅಳತೆಯ ಕ್ರಮವನ್ನು ಬ್ರಿಟನ್ನಿನ ಆಸ್ಪತ್ರೆಗಳೂ ಆರೈಕೆ ಮನೆಗಳೂ ಬಳಸುತ್ತವೆ. ಅದರಲ್ಲಿ ವೈದ್ಯಕೀಯ ಗುಟ್ಟೇನೂ ಇಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯೇ, ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ತೂಕ ಇಳಿದಿದೆಯೇ, ಕಾಯಿಲೆ ಬಿದ್ದು ಐದು ದಿನಕ್ಕಿಂತ ಹೆಚ್ಚು ಕಾಲ ಊಟವೇ ಇಲ್ಲದೆ ಇದ್ದಾರೆಯೇ, ಇಷ್ಟೇ ಪ್ರಶ್ನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ತೂಕ ಶೇ 5ರಿಂದ 10ರಷ್ಟು ಇಳಿದಿದ್ದರೆ ಒಂದು, ಶೇ 10 ದಾಟಿದ್ದರೆ ಎರಡು. ದೇಹದ ತೂಕದ ಸೂಚ್ಯಂಕ (ಬಿಎಂಐ, ಅಂದರೆ ಕಿಲೊ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 18.5ಕ್ಕಿಂತ ಕಡಿಮೆ ಇದ್ದರೆ ಮತ್ತೆರಡು. ಒಟ್ಟು ಎರಡಾದರೆ ಅಪಾಯ ಹೆಚ್ಚು ಎಂದರ್ಥ. ಕಾಳುಕಡಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಅವ್ವನ ಎತ್ತರ 148 ಸೆಂಟಿಮೀಟರ್, ಸೂಚ್ಯಂಕ 17ರ ಒಳಗೆ. ತೂಕ ಇಳಿದದ್ದು ಶೇ 13. ಅಂಕ ನಾಲ್ಕು.

ನಾಲ್ಕು ಅಂಕದ ಅಜ್ಜಿ ನಮ್ಮ ಆರೈಕೆ ಮನೆಯಲ್ಲಿದ್ದರೆ ಅಂದೇ ಅಡುಗೆಯವರಿಗೆ, ವೈದ್ಯರಿಗೆ, ಆಹಾರ ತಜ್ಞರಿಗೆ ಸುದ್ದಿ ಹೋಗುತ್ತದೆ. ತಟ್ಟೆಯಲ್ಲಿ ಬಡಿಸಿದ್ದೆಷ್ಟು, ತಿಂದದ್ದೆಷ್ಟು ಎಂದು ಪ್ರತಿ ಹೊತ್ತೂ ಬರೆಯುತ್ತೇವೆ. ತಕ್ಷಣ ಡಬ್ಬಿಯ ಪುಡಿಗೆ ಕೈ ಹಾಕುವುದಿಲ್ಲ. ಮೊದಲು ಊಟ ಎಂಬುದೇ ಅಲ್ಲಿನ ನಿಯಮ. ಅಂದರೆ ತಿನ್ನುವ ಪ್ರಮಾಣ ಹೆಚ್ಚಿಸಲು ಹೆಣಗದೆ, ತಿನ್ನುವ ನಾಲ್ಕು ತುತ್ತಿನೊಳಗೇ ಕಸುವು ತುಂಬುವುದು. ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಕೆನೆಹಾಲಿಗೆ ಮೂರು ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ ಕಲಸಿಟ್ಟು ದಿನವಿಡೀ ಚಹಾಕ್ಕೂ ಗಂಜಿಗೂ ಅದನ್ನೇ ಬಳಸುತ್ತೇವೆ. ಕಿವುಚಿದ ಆಲೂಗಡ್ಡೆಗೆ ಬೆಣ್ಣೆ, ಸಾರಿಗೆ ಕೆನೆ. ಮರೆವಿನ ಕಾಯಿಲೆಯವರು ಒಂದು ಕಡೆ ಕೂರದಿದ್ದರೆ ನಡೆದಾಡುತ್ತಲೇ ಕೈಯಲ್ಲಿ ಹಿಡಿದು ತಿನ್ನುವಂಥ ತುಂಡುಗಳು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಕಾಣದವರಿಗೆ ನೀಲಿ ತಟ್ಟೆ.

ಇದನ್ನೆಲ್ಲ ಹೇಳಿ ಆ ದೇಶವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಬ್ಯಾಪೆನ್ ಸಂಸ್ಥೆಯ ಅಂದಾಜಿನಂತೆ ಬ್ರಿಟನ್ನಿನಲ್ಲಿ ಸುಮಾರು 30 ಲಕ್ಷ ಜನ ಅಪೌಷ್ಟಿಕರು ಅಥವಾ ಅದರ ಅಂಚಿನಲ್ಲಿರುವವರು. ಅವರಲ್ಲಿ ಶೇ 93ರಷ್ಟು ಜನ ಆಸ್ಪತ್ರೆಯಲ್ಲೂ ಇಲ್ಲ, ಆರೈಕೆ ಮನೆಯಲ್ಲೂ ಇಲ್ಲ, ತಮ್ಮ ತಮ್ಮ ಮನೆಗಳಲ್ಲಿದ್ದಾರೆ. ಅಷ್ಟು ಶ್ರೀಮಂತ ದೇಶದಲ್ಲಿ, ಬಾಗಿಲು ಹಾಕಿಕೊಂಡ ಮನೆಯೊಳಗೆ, ಒಬ್ಬರೇ ಕುಳಿತು ಬಿಸ್ಕತ್ತು ಮತ್ತು ಚಹಾದಲ್ಲಿ ದಿನ ಕಳೆಯುವ ಮುದುಕರು. 1943ರ ಯುದ್ಧಕಾಲದಲ್ಲೇ ಮಹಿಳೆಯರ ಸ್ವಯಂಸೇವಾ ಪಡೆ ಮುದುಕರ ಮನೆಗೆ ಬಿಸಿ ಊಟ ಒಯ್ದು ಕೊಡುವ ಕೆಲಸ ಆರಂಭಿಸಿತ್ತು. ದಶಕಗಳ ಕಾಲ ನಡೆದ ಆ ಸೇವೆಯನ್ನು ಹಲವು ಸ್ಥಳೀಯ ಆಡಳಿತಗಳು ಹಣವಿಲ್ಲವೆಂದು ನಿಲ್ಲಿಸಿಬಿಟ್ಟಿವೆ. ಆರೈಕೆ ಮನೆಗಳೊಳಗೂ ಎಲ್ಲ ಚೆನ್ನಾಗಿಲ್ಲ. ಉಣ್ಣಿಸುವ ಕೈಗಳು ಸಾಲದ ದಿನ ಊಟ ತಣ್ಣಗಾಗುತ್ತದೆ. ನಮ್ಮಲ್ಲಿದ್ದ ಒಬ್ಬ ಪಂಜಾಬಿ ಅಜ್ಜಿ ಎರಡು ತಿಂಗಳು ಬೇಯಿಸಿದ ಬಟಾಣಿಯನ್ನು ದಿಟ್ಟಿಸುತ್ತ ಕುಳಿತಿದ್ದರು. ಮಗ ಡಬ್ಬಿಯಲ್ಲಿ ಖಿಚಡಿ ತಂದ ದಿನ ಅವರು ತಟ್ಟೆಯನ್ನು ಬೆರಳಿನಿಂದ ಒರೆಸಿ ತಿಂದರು. ನಮ್ಮ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಹಸಿವು ಕಡಿಮೆ" ಎಂದು ಬರೆದವನು ನಾನೇ.

ಆ ದೇಶದವರು ತಿಂಗಳು ತಿಂಗಳು ತೂಗುವುದು ಬರೀ ಅಕ್ಕರೆಗಲ್ಲ. ಆರೈಕೆ ಮನೆಯಲ್ಲಿರುವವರ ಊಟ ಮತ್ತು ನೀರಿನ ಅಗತ್ಯ ಪೂರೈಸಲೇಬೇಕೆಂದು ಅಲ್ಲಿ 2014ರ ನಿಯಮಾವಳಿ ಹೇಳುತ್ತದೆ. ತಪಾಸಣೆಗೆ ಬಂದವರು ಪುಸ್ತಕ ತೆರೆಸಿ ಕೇಳುತ್ತಾರೆ. ಕಾರಣ ಏನೇ ಇರಲಿ, ತೂಗುತ್ತಾರೆ. ತೂಗಿದ್ದರಿಂದ ತಿಳಿಯುತ್ತದೆ, ತಿಳಿದದ್ದರಿಂದ ಏನಾದರೂ ಮಾಡುತ್ತಾರೆ. ನಮ್ಮಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೆ ಅಕ್ಕರೆಗೆ ಕಣ್ಣಳತೆ ಬಾರದು, ದಿನವೂ ನೋಡುವವರಿಗಂತೂ ಬಾರದು.

ಗುಳೇದಗುಡ್ಡದಲ್ಲಿ ಇದ್ದ ಮೂರು ವಾರ ಅವ್ವನ ತಟ್ಟೆಯನ್ನೇ ನೋಡಿದೆ. ಬೆಳಗ್ಗೆ ಆರಕ್ಕೆ ಚಹಾ. ಒಂಬತ್ತಕ್ಕೆ ಚಹಾದಲ್ಲಿ ಅದ್ದಿದ ಎರಡು ಬಟ್ಟರ್ ಬಿಸ್ಕತ್ತು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಅದರ ಅಂಚನ್ನೆಲ್ಲ ಮುರಿದು ಬಿಟ್ಟು ನಡುವಿನ ಮೆತ್ತನೆಯ ಭಾಗವನ್ನು ಸಾರಿನಲ್ಲಿ ನೆನೆಸಿದ್ದು. ಸಂಜೆ ಮತ್ತೆ ಚಹಾ. ರಾತ್ರಿ ಒಂದು ಹಿಡಿ ಅನ್ನ, ತಿಳಿ ಸಾರು. ಸೋಮವಾರ ಒಪ್ಪತ್ತು, ಅಂದರೆ ಅದೂ ಇಲ್ಲ. ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ ಪ್ರೋಟೀನ್ ಕೂಡ ದಾಟುವುದಿಲ್ಲ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೊಗೆ ದಿನಕ್ಕೆ ಕನಿಷ್ಠ ಒಂದು ಗ್ರಾಂ ಬೇಕೆಂದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಅವ್ವ ತನ್ನ ಪಾಲಿನ ಅರ್ಧದಲ್ಲಿ ಬದುಕಿದ್ದಳು. ಉಳಿದರ್ಧವನ್ನು ದೇಹ ತನ್ನ ತೋಳು ತೊಡೆಗಳಿಂದಲೇ ಕಿತ್ತು ತಿನ್ನುತ್ತಿತ್ತು.

ಇದಕ್ಕೆ ವೈನಿಯನ್ನು ದೂರುವುದು ಸುಲಭ, ಊರಲ್ಲಿ ಮೊದಲು ಬರುವ ಮಾತೂ ಅದೇ. ಅದು ಸುಳ್ಳು. ವೈನಿ ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಆಮೇಲೆ ಸಂಜೆಯವರೆಗೆ ಮಗ್ಗದ ಕೆಲಸಕ್ಕೆ ಕೂರುವವಳು. ಅತ್ತೆಯ ಮುಂದೆ ತಟ್ಟೆ ಇಡದೆ ತಾನು ಉಂಡವಳಲ್ಲ. ತಟ್ಟೆಯಲ್ಲಿ ಎಲ್ಲ ಇತ್ತು. ತಟ್ಟೆಯಿಂದ ಅವ್ವನ ಹೊಟ್ಟೆಗೆ ಹೋಗುವ ದಾರಿಯಲ್ಲಿ ಅಡ್ಡಿಗಳಿದ್ದವು. ಸೊಸೆಯನ್ನು ಬೈಯುವುದೋ ವಯಸ್ಸನ್ನು ಬೈಯುವುದೋ ಆದರೆ ಆ ಅಡ್ಡಿಗಳು ಯಾರಿಗೂ ಕಾಣುವುದೇ ಇಲ್ಲ.

ಮೊದಲ ಅಡ್ಡಿ ಹಲ್ಲು. ಮುಂದಿನ ನಾಲ್ಕು ಬಿಟ್ಟರೆ ದವಡೆ ಖಾಲಿ. ನಮ್ಮ ಊಟವೆಲ್ಲ ದವಡೆಯ ಊಟ: ಕಟಕ ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಸಿ ಹಕ್ಕರಕಿ ಸೊಪ್ಪು, ಶೇಂಗಾ. ಹಲ್ಲು ಹೋದ ಮೇಲೆ ಉಳಿಯುವುದು ಸಾರು, ಅನ್ನ, ಚಹಾ. ಎರಡನೆಯದು ಸಕ್ಕರೆ ಕಾಯಿಲೆಯ ಪಥ್ಯ. ಹನ್ನೆರಡು ವರ್ಷದ ಹಿಂದೆ, ಅವ್ವ 58 ಕಿಲೊ ಇದ್ದಾಗ, ವೈದ್ಯರೊಬ್ಬರು ಅನ್ನ ಬಿಡಿ, ಸಿಹಿ ಬಿಡಿ, ಎಣ್ಣೆ ತುಪ್ಪ ಕಡಿಮೆ ಮಾಡಿ ಎಂದಿದ್ದರು. ಅಂದಿಗೆ ಅದು ಸರಿಯಾದ ಮಾತು. ಆದರೆ ಅದನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. 42ಕ್ಕೆ ಇಳಿದಾಗಲೂ ಅವ್ವ ಹಬ್ಬದ ದಿನ ಹೋಳಿಗೆಯನ್ನು ತಟ್ಟೆಯಂಚಿಗೆ ಸರಿಸುತ್ತಿದ್ದಳು, ತುಪ್ಪ ಬೇಡ ಎನ್ನುತ್ತಿದ್ದಳು. ನಮ್ಮ ಆರೈಕೆ ಮನೆಯಲ್ಲಿ ಸೊರಗಿದ ಹಿರಿಯರು ಬಂದರೆ ಹಳೆಯ ಪಥ್ಯಗಳನ್ನೆಲ್ಲ ವೈದ್ಯರು ಮೊದಲು ಮರುಪರಿಶೀಲಿಸುತ್ತಾರೆ. ಆ ವಯಸ್ಸಿನಲ್ಲಿ ಹತ್ತು ವರ್ಷದ ನಂತರ ಬರಬಹುದಾದ ತೊಂದರೆಗಿಂತ ಈ ತಿಂಗಳು ಕರಗುತ್ತಿರುವ ಮೈ ದೊಡ್ಡದು. ಕೆಲವು ಮಾತ್ರೆಗಳೂ ಹಸಿವನ್ನು ಕೊಲ್ಲುತ್ತವೆ. ಸಕ್ಕರೆ ಕಾಯಿಲೆಗೆ ಬಹಳ ಜನ ನುಂಗುವ ಮೆಟ್‌ಫಾರ್ಮಿನ್ ಅವುಗಳಲ್ಲೊಂದು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಪಥ್ಯ ಮುರಿಯಬಾರದು. ಆದರೆ ವೈದ್ಯರ ಮುಂದೆ ಕುಳಿತಾಗ "ಇವರ ತೂಕ ಇಷ್ಟು ಇಳಿದಿದೆ, ಹಳೆಯ ಪಥ್ಯ ಈಗಲೂ ಬೇಕೇ?" ಎಂದು ಕೇಳಲೇಬೇಕು. ಅವ್ವನ ವಿಷಯದಲ್ಲಿ ಆ ಪ್ರಶ್ನೆ ಕೇಳಲು ಐದು ನಿಮಿಷ ಸಾಕಾಯಿತು. ಮಾತ್ರೆಯ ಪ್ರಮಾಣವೂ ಬದಲಾಯಿತು, ಅನ್ನ ತುಪ್ಪಗಳ ಮೇಲಿನ ನಿಷೇಧವೂ ಹೋಯಿತು.

ಮೂರನೆಯದನ್ನು ಅವ್ವ ಬಾಯಿ ಬಿಟ್ಟು ಹೇಳಲಿಲ್ಲ, ವೈನಿ ಹೇಳಿದಳು. ಶೌಚಾಲಯ ಹಿತ್ತಿಲಲ್ಲಿದೆ, ಮೂರು ಮೆಟ್ಟಿಲು ಇಳಿಯಬೇಕು. ರಾತ್ರಿ ಏಳಬೇಕಾಗುತ್ತದೆ, ಬಿದ್ದರೆ ಮನೆಮಂದಿಗೆಲ್ಲ ತೊಂದರೆ ಎಂದು ಸಂಜೆ ಐದರ ಮೇಲೆ ಅವ್ವ ನೀರು ಕುಡಿಯುವುದನ್ನೇ ಬಿಟ್ಟಿದ್ದಳು, ರಾತ್ರಿ ಊಟವನ್ನು ಹಿಡಿಯಷ್ಟಕ್ಕೆ ಇಳಿಸಿದ್ದಳು. ಪೋಷಣೆಯ ಯಾವ ಪುಸ್ತಕದಲ್ಲಿ ಹುಡುಕಿದರೂ ಇದು ಸಿಕ್ಕಲಿಕ್ಕಿಲ್ಲ. ಅಣ್ಣ ಆ ಮೆಟ್ಟಿಲಿಗೆ ಕಬ್ಬಿಣದ ಕೈಹಿಡಿ ಹಾಕಿಸಿದ, ಒಂದು ದೀಪ ಹಾಕಿಸಿದ. ಅವ್ವನ ರಾತ್ರಿಯೂಟ ಮರಳಿ ಬರಲು ಅದೂ ಕಾರಣ.

ನಾಲ್ಕನೆಯದು ಹಳೆಯ ನಂಬಿಕೆ. ಬೇಳೆ ಬೇಯಿಸಿದ ಕಟ್ಟಿನಲ್ಲೇ ಶಕ್ತಿಯೆಲ್ಲ ಇಳಿದಿರುತ್ತದೆ, ಮುದುಕರಿಗೆ ತಿಳಿ ಕೊಟ್ಟರೆ ಸಾಕು, ಗಟ್ಟಿ ಬೇಳೆ ದುಡಿಯುವ ಗಂಡಸರಿಗೆ. ಪ್ರತಿ ಮನೆಯಲ್ಲೂ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಬಡಿಸುತ್ತಾರೆ. ಕಟ್ಟಿನಲ್ಲಿ ರುಚಿಯಿದೆ, ಉಪ್ಪಿದೆ. ಪ್ರೋಟೀನಿನ ಬಹುಪಾಲು ತಳದ ಬೇಳೆಯಲ್ಲೇ ಉಳಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಎಲ್ಲರದೂ ಮುಗಿದ ಮೇಲೆಯೇ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು. ಆ ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಆದರೆ ಕಡಲೆಯನ್ನು ಬೀಸಿ ಹಿಟ್ಟು ಮಾಡಿ ಝುಣಕ ಕಲಸುವ ಸೀಮೆ ನಮ್ಮದು. ಸಡಿಲವಾಗಿ, ಒಂದು ಚಮಚ ಹೆಚ್ಚು ಎಣ್ಣೆ ಹಾಕಿ ಮಾಡಿದ ಝುಣಕಕ್ಕೆ ಹಲ್ಲು ಬೇಕಿಲ್ಲ. ನೂರು ಗ್ರಾಂ ಕಡಲೆ ಹಿಟ್ಟಿನಲ್ಲಿ 20 ಗ್ರಾಮಿಗೂ ಮೇಲೆ ಪ್ರೋಟೀನ್ ಇದೆ. ಇಂಗ್ಲೆಂಡಿನಲ್ಲಿ ಯಂತ್ರಕ್ಕೆ ಹಾಕಿ ಅರೆದು, ಅಚ್ಚಿನಲ್ಲಿ ಹಾಕಿ ಕ್ಯಾರೆಟ್ಟಿನ ಆಕಾರ ಕೊಟ್ಟು ಬಡಿಸುವ ಮೆತ್ತನೆಯ ಊಟ ನೋಡಿದಾಗಲೆಲ್ಲ ನನಗೆ ನಮ್ಮ ಜೋಳದ ನುಚ್ಚು ನೆನಪಾಗುತ್ತದೆ. ನುಚ್ಚನ್ನು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಬೆಣ್ಣೆ ಹಾಕಿ, ಆರಿದ ಮೇಲೆ ಕೆನೆಮೊಸರು ಕಲಸಿದರೆ ಆಯಿತು. ಶೇಂಗಾ ಹಿಂಡಿಯನ್ನು ನುಣ್ಣಗೆ ಕುಟ್ಟಿ ಮೊಸರಿನಲ್ಲಿ ಕಲಸಿದರೆ ಗಂಟಲಿಗೆ ಹತ್ತುವುದಿಲ್ಲ. ಗೋಧಿ ಹುಗ್ಗಿಗೆ ಹಾಲು ತುಪ್ಪ ಹಾಕುವುದನ್ನು ನಮಗೆ ಯಾವ ಆಹಾರ ತಜ್ಞರೂ ಹೇಳಿಕೊಡಬೇಕಿಲ್ಲ. ಬಿಸಿ ರೊಟ್ಟಿಯನ್ನು ಬಿಸಿ ಇರುವಾಗಲೇ ಹಾಲಿನಲ್ಲಿ ಮುರಿದು ಹಾಕುವುದನ್ನು ಅವ್ವ ನನಗೆ, ನನ್ನ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ, ತಾನೇ ಮಾಡಿ ಕೊಡುತ್ತಿದ್ದಳು. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ. ನಮ್ಮದು ಅಲ್ಲ, ಆದ್ದರಿಂದ ವೈನಿ ಅವ್ವನ ಚಹಾವನ್ನೇ ಬದಲಿಸಿದಳು. ನೀರು ಹೆಚ್ಚಿರುತ್ತಿದ್ದ ಚಹಾ ಈಗ ಪೂರ್ತಿ ಹಾಲಿನದು, ಅದರಲ್ಲಿ ಒಂದು ಚಮಚ ಹಾಲಿನ ಪುಡಿ. ಚಹಾ ಬಿಡು ಎಂದರೆ ಅವ್ವ ಕೇಳುವವಳಲ್ಲ. ಚಹಾವೇ ಊಟವಾಗಲಿ ಎಂದಳು ವೈನಿ. ಆ ಉಪಾಯ ನನಗೆ ಹೊಳೆದಿರಲಿಲ್ಲ.

ಲಕ್ವಾ (ಪಾರ್ಶ್ವವಾಯು) ಹೊಡೆದವರ ಮನೆಯವರಿಗೆ ಮಾತ್ರ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಉಣ್ಣುವಾಗ ಕೆಮ್ಮು ಬಂದರೆ, ದನಿ ನೀರು ತುಂಬಿದಂತೆ ಗೊರಗೊರ ಆದರೆ, ಅನ್ನ ಶ್ವಾಸಕೋಶದ ದಾರಿ ಹಿಡಿಯುತ್ತಿರಬಹುದು. ಮಲಗಿಸಿ ಚಮಚದಿಂದ ನೀರು ಹಾಕುವುದನ್ನು ನಮ್ಮ ಕಡೆ ಸೇವೆ ಎಂದುಕೊಂಡು ಮಾಡುತ್ತಾರೆ. ನೆಟ್ಟಗೆ ಕೂರಿಸಿಯೇ ಉಣ್ಣಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು, ವೈದ್ಯರಿಗೆ ತಿಳಿಸಬೇಕು.

ಅವ್ವನ ಸುತ್ತ ಮನೆ ತುಂಬ ಜನರಿದ್ದರು. ಜಿಲ್ಲೆಯಲ್ಲಿ ಅಷ್ಟೂ ಇಲ್ಲದವರು ಬಹಳ. ಬಾಗಲಕೋಟೆ, ವಿಜಯಪುರದ ಹಳ್ಳಿ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ. ಮನೆಯಲ್ಲಿ ಉಳಿಯುವುದು ಮುದುಕಿ ಮತ್ತು ಮೊಮ್ಮಕ್ಕಳು. ಮೊಮ್ಮಗನಿಗೆ ಶಾಲೆಯಲ್ಲಿ ಬಿಸಿಯೂಟವಿದೆ. ಮೊಮ್ಮಗಳಿಗೆ ಅಂಗನವಾಡಿಯಿದೆ. ಅಂಗನವಾಡಿಯಲ್ಲಿ ಆ ಮಗುವನ್ನು ತೂಗುತ್ತಾರೆ, ರಟ್ಟೆಗೆ ಪಟ್ಟಿ ಸುತ್ತಿ ಅಳೆಯುತ್ತಾರೆ, 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು ಎನ್ನುತ್ತಾರೆ. ಮಗುವನ್ನು ಎತ್ತಿಕೊಂಡು ಬಂದ ಅಜ್ಜಿ ಬಾಗಿಲಲ್ಲೇ ನಿಂತಿರುತ್ತಾಳೆ. ಅವಳಿಗೂ ಅಂಥದೇ ಒಂದು ಅಳತೆಯಿದೆ. ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಗಮನಿಸಿ ಎನ್ನುತ್ತದೆ ಹಿರಿಯರ ಪೋಷಣೆಯ ಇನ್ನೊಂದು ಪ್ರಸಿದ್ಧ ಅಳತೆ. ಹೊಲಿಯುವವರ ಟೇಪು ಸಾಕು. ಆದರೆ ಅಜ್ಜಿಯ ಕಾಲಿಗೆ ಯಾರೂ ಟೇಪು ಸುತ್ತುವುದಿಲ್ಲ.

ನಮ್ಮ ದೇಶದಲ್ಲಿ 2017–18ರಲ್ಲಿ ನಡೆದ ಹಿರಿಯರ ದೊಡ್ಡ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇ 27ರಷ್ಟು ಜನ ಕಡಿಮೆ ತೂಕದವರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ಮಕ್ಕಳು ಹೀಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಪಡಿತರದ ಅಕ್ಕಿ ಬರುತ್ತದೆ, ಅದು ದೊಡ್ಡ ಆಸರೆ, ನಾನು ಅದನ್ನು ಕಡೆಗಣಿಸುವುದಿಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ದಿನಕ್ಕೆ 40. ಅದರಲ್ಲೇ ಮಾತ್ರೆ, ಅದರಲ್ಲೇ ಎಲೆಅಡಿಕೆ, ಅದರಲ್ಲೇ ಮೊಮ್ಮಗುವಿಗೆ ಚುರುಮುರಿ. ಹಾಲಿಗೆ ಎಷ್ಟು ಉಳಿಯುತ್ತದೆ? ಹೊಟ್ಟೆ ತುಂಬಿಸುವುದಕ್ಕೂ ಮೈ ಉಳಿಸುವುದಕ್ಕೂ ನಡುವಿನ ಅಂತರ ಇಲ್ಲೇ ಇದೆ.

ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಇನ್ನೊಂದು ಕೆಲಸ ಹೇರಿ ಎಂದು ನಾನು ಹೇಳಲಾರೆ. ಅವರ ಹೊರೆ ಈಗಾಗಲೇ ಹೆಚ್ಚು, ಸಂಬಳ ಕಡಿಮೆ. ಆದರೆ ಬಸುರಿಯರನ್ನು ತೂಗುವ ತಕ್ಕಡಿ ಅಲ್ಲಿದೆ. ತಿಂಗಳಿಗೊಂದು ದಿನ ಊರಿನ ಸ್ತ್ರೀಶಕ್ತಿ ಗುಂಪಿನ ಇಬ್ಬರು ಅದರ ಪಕ್ಕ ಕುಳಿತು, ಬಂದ ಹಿರಿಯರನ್ನು ತೂಗಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಎರಡು ತಿಂಗಳು ಸತತ ಇಳಿದವರ ಹೆಸರು ಆಶಾ ಕಾರ್ಯಕರ್ತೆಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮತ್ತೆ, ಬಿಸಿಯೂಟದ ಅಡುಗೆಮನೆ ಇರುವ ಊರಿನಲ್ಲಿ ಗುಳೆ ಹೋದವರ ಮನೆಯ ಒಂಟಿ ಮುದುಕಿಗೆ ಒಂದು ಸೌಟು ಸಾಂಬಾರು ಹೆಚ್ಚಾಗುವುದಿಲ್ಲವೇ? ನಿಯಮಕ್ಕೆ ಅಡ್ಡಿಯಾಗುವುದಾದರೆ ನಿಯಮ ತಿದ್ದಬಹುದು. ಕೂಡಲಸಂಗಮ ಇರುವ ಜಿಲ್ಲೆ ನಮ್ಮದು. ದಾಸೋಹ ಎಂಬ ಮಾತನ್ನು ನಾವು ಬೇರೆಯವರಿಂದ ಕಲಿಯಬೇಕಿಲ್ಲ.

ಅದೇ ರಜೆಯಲ್ಲಿ ಬೆಳಗಾವಿ ಕಡೆಯ ಒಂದು ವೃದ್ಧಾಶ್ರಮಕ್ಕೂ ಹೋಗಿದ್ದೆ. ನಡೆಸುವವರು ಒಳ್ಳೆಯವರು, ಜಾಗ ಚೊಕ್ಕಟ. ಅಂದು ಯಾರದೋ ಮಗುವಿನ ಹುಟ್ಟುಹಬ್ಬ. ಪೂರಿ, ಜಿಲೇಬಿ, ಎರಡು ಬಗೆಯ ಪಲ್ಯ. ಹಿಂದಿನ ದಿನ? ಅನ್ನ, ಸಾರು. ಮರುದಿನ? ಅನ್ನ, ಸಾರು, ಮಜ್ಜಿಗೆ. ರಾತ್ರಿಯೂಟ ಏಳಕ್ಕೆ ಮುಗಿದರೆ ಬೆಳಗಿನ ತಿಂಡಿ ಎಂಟೂವರೆಗೆ, ನಡುವೆ ಹದಿಮೂರೂವರೆ ಗಂಟೆ ಏನೂ ಇಲ್ಲ. ತಕ್ಕಡಿ ಕಚೇರಿಯ ಬೀರುವಿನ ಮೇಲಿತ್ತು, ಧೂಳು ಹಿಡಿದಿತ್ತು. ಹುಟ್ಟುಹಬ್ಬಕ್ಕೆ, ತಂದೆತಾಯಿಯ ಪುಣ್ಯತಿಥಿಗೆ ಒಂದು ದಿನದ ಸಿಹಿಯೂಟ ಹಾಕಿಸುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ಹಲ್ಲಿಲ್ಲದವರಿಗೆ ಪೂರಿ ಬಡಿಸಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಕೆಟ್ಟ ಮನಸ್ಸಿಲ್ಲ. ಆ ಹಣಕ್ಕೆ ಒಂದು ತಿಂಗಳು ರಾತ್ರಿ ಮಲಗುವಾಗ ಒಬ್ಬೊಬ್ಬರಿಗೆ ಒಂದು ಲೋಟ ಹಾಲು ಕೊಡಿಸಿದರೆ ಫೋಟೊ ಬರುವುದಿಲ್ಲ, ರಟ್ಟೆ ಉಳಿಯುತ್ತದೆ. ಆಶ್ರಮದವರಿಗೆ ಇದನ್ನು ಹೇಳಿದೆ. "ಕೊಡುವವರು ಹೀಗೇ ಕೊಡುತ್ತೇವೆ ಎನ್ನುತ್ತಾರೆ, ನಾವು ಬೇಡ ಎನ್ನಲಾಗುವುದಿಲ್ಲ" ಎಂದರು. ಆದ್ದರಿಂದ ಕೊಡುವವರಿಗೇ ಹೇಳುತ್ತಿದ್ದೇನೆ. ತಂದೆತಾಯಿಯ ಪೋಷಣೆಗೆಂದು ನಮ್ಮಲ್ಲಿ 2007ರ ಕಾಯ್ದೆ ಇದೆ. ಪೋಷಣೆ ಎಂದರೆ ಏನು ಎಂದು ಅದು ವಿವರಿಸುವಾಗ ಬಟ್ಟೆ, ವಸತಿ, ಔಷಧಕ್ಕಿಂತ ಮೊದಲು ಬರುವ ಮಾತು ಆಹಾರ.

ನನ್ನಂತೆ ದೂರ ಇರುವವರಿಗೆ ಒಂದು ವಿನಂತಿ. ಹಣ ಕಳಿಸುತ್ತೀರಿ, ಔಷಧ ಕಳಿಸುತ್ತೀರಿ. ಮುಂದಿನ ಕರೆಯಲ್ಲಿ ಊಟ ಆಯಿತೇ ಎಂದು ಕೇಳಬೇಡಿ, ಏನು ಉಂಡಿರಿ ಎಂದು ಕೇಳಿ. ಮೊಬೈಲನ್ನು ತಟ್ಟೆಯ ಕಡೆ ತಿರುಗಿಸಲು ಹೇಳಿ. ಮುಂಗೈ ತೋರಿಸಲು ಹೇಳಿ. ಒಂದು ತೂಕದ ಯಂತ್ರ ಕೊಂಡು ಕೊಡಿ, ಅದಕ್ಕೆ ನೀವು ಒಂದು ಸಲ ಹೊರಗೆ ಉಣ್ಣುವಷ್ಟೂ ಖರ್ಚಾಗುವುದಿಲ್ಲ.

ಅವ್ವನ ತೂಕ ಮೂರು ತಿಂಗಳಿಗೆ 38ಕ್ಕೆ ಬಂತು, ಈಗ 39.4. ಇನ್ನೂ ಕಡಿಮೆಯೇ. ನಾನು ಇಲ್ಲಿ ತೂಗುವ ಸೋಮವಾರವೇ ವೈನಿ ಅಲ್ಲಿ ತೂಗಿ ಸಂದೇಶ ಕಳಿಸುತ್ತಾಳೆ. ಒಪ್ಪತ್ತನ್ನು ಅವ್ವ ಬಿಟ್ಟಿಲ್ಲ, ಬಿಡು ಎಂದು ನಾವೂ ಹೇಳಿಲ್ಲ. ಆ ದಿನ ಸಂಜೆ ಹಾಲು, ಬಾಳೆಹಣ್ಣು ನಡೆಯುತ್ತದೆ ಎಂದು ಅವಳೇ ಒಪ್ಪಿದ್ದಾಳೆ. ಹೋದ ತಿಂಗಳು ವೈನಿಯ ಸಂದೇಶದಲ್ಲಿ ಎರಡು ಅಂಕಿಗಳಿದ್ದವು. ಎರಡನೆಯದು 31. ಯಾರದು ಎಂದು ಕೇಳಿದೆ. ಹಿಂದಿನ ಓಣಿಯ ದೊಡ್ಡವ್ವನದಂತೆ. ಅವಳ ಮಗ ಸೊಸೆ ಗೋವಾದಲ್ಲಿದ್ದಾರೆ, ಬರುವುದು ಯುಗಾದಿಗೆ. ಅವ್ವ ಯಂತ್ರದ ಮೇಲೆ ನಿಲ್ಲುವುದನ್ನು ನೋಡಿ ತಾನೂ ನಿಂತಳಂತೆ. ಎರಡು ಹೊತ್ತು ನುಚ್ಚು ಮೊಸರು ಈಗ ನಮ್ಮ ಮನೆಯಿಂದ ಹೋಗುತ್ತಿದೆ. ವೈನಿ ಅವಳನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಾಳೆ, ಫಲಿತಾಂಶ ಬರಬೇಕಿದೆ.